ನಾನು ನೆಟ್ಟಗೆ ಮಾಡಿದ ಪುಶ್‌ರಾಡ್

ಎಪ್ಪತ್ತರ ದಶಕದ ಕೊನೆಗೆ ಕಡಬದ ಪೇಟೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇತ್ತು. ಆಗ ಅಲ್ಲಿ ಬಾಡಿಗೆಗೆ ಓಡುತ್ತಿದ್ದ ಕಾರುಗಳು ಎರಡೋ ಮೂರೋ. ಅದರಲ್ಲೊಂದು ಹಳೆಯ ಅಂಬಾಸಿಡರ್. ಅದರ ಡ್ರೈವರ್ ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ನನ್ನ ಬಿಟ್ಟು ಬೇರೆ ಯಾರೂ ಆ ಕಾರಿನ ಬಾನೆಟ್ ಎತ್ತುವ ಹಾಗಿರಲಿಲ್ಲ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳ ಒಂದು ಬೆಳಿಗ್ಗೆ ಆ ಕಾರು ಟಕಟಕ ಸದ್ದು ಮಾಡಿಕೊಂಡು ಬಂತು. ನಾಲ್ಕರಲ್ಲಿ ಒಂದು ಸಿಲಿಂಡರ್ ಕೆಲಸ ಮಾಡುತ್ತಿರಲಿಲ್ಲ. ಎಂಜಿನಿನ ಮೇಲಿನ ಮುಚ್ಚಳ ಬಿಚ್ಚಿ ಎಂಟೂ ಪುಶ್‌ರಾಡುಗಳನ್ನು ಹೊರಗೆ ಎಳೆದೆ. ವಾಲ್ವ್ ತೆರೆಯಲಿಕ್ಕೆ ಕೆಳಗಿನಿಂದ ದೂಡುವ, ಪೆನ್ಸಿಲ್ ದಪ್ಪದ ಉಕ್ಕಿನ ಕಡ್ಡಿಗಳು ಅವು. ಒಂದು ಗಾಜಿನ ತುಂಡಿನ ಮೇಲೆ ಒಂದೊಂದನ್ನೇ ಉರುಳಿಸಿದೆ. ಏಳು ಸಲೀಸಾಗಿ ಉರುಳಿದವು. ಒಂದು ಕುಂಟಿ ನಿಂತಿತು.

"ಇದು ಬಗ್ಗಿದೆ. ಹೊಸತು ಮಂಗಳೂರಿಂದ ಬರಬೇಕು. ಎರಡು ದಿನ ಬೇಕಾದೀತು" ಎಂದೆ.

"ನಾಳೆ ಆಲೆಟ್ಟಿಗೆ ಬೊಜ್ಜಕ್ಕೆ ಜನ ಕರ್ಕೊಂಡು ಹೋಗುದುಂಟು ಮಾರಾಯ. ಇದನ್ನೇ ನೆಟ್ಟಗೆ ಮಾಡ್ಲಿಕ್ಕೆ ಆಗುದಿಲ್ವಾ?"

ಬೊಜ್ಜವೆಂದರೆ ಸತ್ತವರ ಉತ್ತರಕ್ರಿಯೆ, ದಿನ ಮುಂದೆ ಹಾಕುವಂಥದ್ದಲ್ಲ. ಆಗುತ್ತದೆ ಎಂದೆ. ಕಬ್ಬಿಣದ ದಿಮ್ಮಿಯ ಮೇಲಿಟ್ಟು ಮೆಲ್ಲ ಬಡಿದು ನೆಟ್ಟಗೆ ಮಾಡಿದೆ. ಪುಶ್‌ರಾಡ್ ಸುಮ್ಮನೆ ಬಗ್ಗುವುದಿಲ್ಲ, ಮೇಲಿನ ವಾಲ್ವ್ ಸಿಕ್ಕಿಕೊಂಡಾಗ ಬಗ್ಗುತ್ತದೆ. ಅದು ನನಗೆ ಗೊತ್ತಿದ್ದ ವಿಷಯವೇ. ಆದರೆ ವಾಲ್ವುಗಳಿರುವ ಹೆಡ್ ಇಳಿಸಿ ನೋಡಲು ಇನ್ನೊಂದು ದಿನ ಬೇಕು. ವಾಲ್ವನ್ನು ಒತ್ತಿ ನೋಡಿದೆ, ಮೇಲೆ ಕೆಳಗೆ ಆಡಿತು. ಸಾಕು ಎಂದುಕೊಂಡೆ. ಅವರಿಗೆ ಈ ವಿಷಯ ಹೇಳಲಿಲ್ಲ.

ಆಲೆಟ್ಟಿಗೆ ಹೋಗಿ ಬಂದ ಮೂರನೆಯ ದಿನ, ನನ್ನ ಗ್ಯಾರೇಜಿನ ಎದುರು ಹೊಲಿಗೆ ಅಂಗಡಿ ಇಟ್ಟಿದ್ದವರಿಗೆ ಹೊಟ್ಟೆನೋವು ಜೋರಾಯಿತು. ನಲವತ್ತು ದಾಟದ ಮನುಷ್ಯ. ನನ್ನ ಮದುವೆಯ ಅಂಗಿ ಹೊಲಿದವರು ಅವರೇ. ಡಾಕ್ಟರು ನೋಡಿ, ತಡಮಾಡದೆ ಪುತ್ತೂರಿಗೆ ಕೊಂಡುಹೋಗಿ, ಆಪರೇಶನ್ ಆಗಬೇಕು ಎಂದರು. ಅವರನ್ನು ಆ ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಮಲಗಿಸಲು ನಾನೂ ಕೈ ಜೋಡಿಸಿದೆ. ಹೆಂಡತಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಮಳೆ ಹೊಡೆಯುತ್ತಿತ್ತು.

ಮುಂದಿನದು ಡ್ರೈವರ್ ಹೇಳಿದ್ದು. ಹೊಸಮಠದ ಸೇತುವೆ ಮುಟ್ಟುವ ಮೊದಲೇ ಒಂದು ಏರಿನಲ್ಲಿ ಕಾರು ಸೋತು ನಿಂತಿತು. ಅವರು ಬಾನೆಟ್ ತೆಗೆದು ನೋಡುತ್ತಿರುವಾಗ ಹಿಂದಿನಿಂದ ಬಂದ ಬಸ್ಸು ದಾಟಿಹೋಯಿತು. ಈಗ ಸರಿಯಾಗುತ್ತದೆ ಎಂಬ ನಂಬಿಕೆಯಲ್ಲಿ ಅವರು ಅದಕ್ಕೆ ಕೈ ತೋರಿಸಲಿಲ್ಲ. ಅರ್ಧ ಗಂಟೆಯ ಮೇಲೆ ಮೂರೇ ಸಿಲಿಂಡರಿನಲ್ಲಿ ತೆವಳಿಕೊಂಡು ಸೇತುವೆಯ ಹತ್ತಿರ ಬಂದಾಗ ಹೊಳೆಯ ನೀರು ಅದರ ಮೇಲೆ ಹರಿಯುತ್ತಿತ್ತು. ಆ ಬಸ್ಸು ನೀರು ಏರುವ ಮೊದಲೇ ಸೇತುವೆ ದಾಟಿ ಹೋಗಿತ್ತು. ನೀರು ಇಳಿಯಲು ಸಂಜೆಯಾಯಿತು. ಹೊಲಿಗೆಯವರು ಮರುದಿನ ಬೆಳಿಗ್ಗೆ ಪುತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಕರುಳು ಒಳಗೇ ಒಡೆದಿತ್ತಂತೆ.

ಹೊಲಿಗೆಯವರ ಬೊಜ್ಜ ಕಳೆದ ಮೇಲೆ ಡ್ರೈವರ್ ಕಾರು ತಂದರು. ಮುಚ್ಚಳ ತೆಗೆದೆ. ಅದೇ ಪುಶ್‌ರಾಡ್, ನಾನು ಬಡಿದ ಗುರುತು ಇದ್ದಲ್ಲಿಯೇ ಬಗ್ಗಿತ್ತು. ವಾಲ್ವ್ ಕಪ್ಪು ಮಸಿ ಕಟ್ಟಿ ಬಿಗಿದುಕೊಂಡಿತ್ತು.

"ಅವತ್ತಿನದೇನಾ?" ಎಂದು ಕೇಳಿದರು.

"ಅಲ್ಲ, ಇದು ಬೇರೆ. ಏರಿನಲ್ಲಿ ಜಾಸ್ತಿ ರೇಸ್ ಮಾಡಿದ್ರೆ ಹೀಗಾಗ್ತದೆ" ಎಂದೆ.

ಅವರು ಆಕ್ಸಿಲರೇಟರ್ ಒತ್ತುವ ತಮ್ಮ ಬಲಗಾಲನ್ನು ನೋಡಿಕೊಂಡರು. ನಾನು ಮಂಗಳೂರಿನಿಂದ ಎಂಟೂ ಹೊಸತು ತರಿಸಿ, ಹೆಡ್ ಇಳಿಸಿ, ವಾಲ್ವ್ ಗ್ರೈಂಡ್ ಮಾಡಿ ಹಾಕಿದೆ. ಎಂಜಿನ್ ಹೊಲಿಗೆ ಮೆಶಿನಿನ ಹಾಗೆ ಓಡಿತು. ಅವರು ಆ ಮೇಲೆ ಯಾವ ಏರಿನಲ್ಲೂ ಜೋರು ಓಡಿಸಲಿಲ್ಲ. ರೋಗಿಗಳ ಬಾಡಿಗೆ ಬಂದರೆ ಬೇರೆ ಕಾರು ತೋರಿಸುತ್ತಿದ್ದರು.

ಆರೇಳು ವರ್ಷ ಅದು ನನ್ನೊಳಗೆ ಕೂತಿತ್ತು. ಹೊಲಿಗೆಯವರ ಹೆಂಡತಿ ಅದೇ ಅಂಗಡಿಯಲ್ಲಿ ರವಿಕೆ ಹೊಲಿದು ಬದುಕುತ್ತಿದ್ದರು. ಗ್ಯಾರೇಜಿನಿಂದ ತಲೆ ಎತ್ತಿದರೆ ಅವರೇ ಕಾಣುವುದು. ಒಂದು ಮಧ್ಯಾಹ್ನ ಡ್ರೈವರ್ ಪ್ಲಗ್ ಕ್ಲೀನ್ ಮಾಡಿಸಲು ಬಂದಾಗ ಎಲ್ಲ ಹೇಳಿಬಿಟ್ಟೆ. ವಾಲ್ವಿನ ವಿಷಯವನ್ನೂ, ಸುಳ್ಳನ್ನೂ.

ಅವರು ಕ್ಲೀನ್ ಮಾಡಿದ ಪ್ಲಗ್ಗುಗಳನ್ನು ನನ್ನ ಮುಂದಿನಿಂದ ಎತ್ತಿಕೊಂಡರು. ಆಮೇಲೆ ಹೇಳಿದರು: "ರಾಡ್ ಬಗ್ಗುದು ಯಾರ ಕೈಯಲ್ಲೂ ಆಗ್ತದೆ. ಆದ್ರೆ ಇಷ್ಟು ವರ್ಷ, ಇಲ್ಲಿಗೆ ಕಾರು ತರುವಾಗ ಬಿಟ್ರೆ, ನಾನು ಆ ಅಂಗಡಿ ಎದುರು ಹೋಗ್ಲಿಲ್ಲ. ಪೇಟೆ ಸುತ್ತಿ ಹೋಗುದು. ಅದನ್ನು ನೀನು ದಿನಾ ನೋಡ್ತಾ ಇದ್ದಿ."

ಅವರು ಪ್ಲಗ್ಗುಗಳನ್ನು ತಾವೇ ತಿರುಗಿಸಿ ಹಾಕಿ, ಬಾನೆಟ್ ಮುಚ್ಚಿ ಹೋದರು. ಆ ಮೇಲೆ ಅವರ ಕಾರಿನ ಕೆಲಸ ನೆಲ್ಯಾಡಿಯ ಒಂದು ಗ್ಯಾರೇಜಿನಲ್ಲಿ ಆಗುತ್ತಿತ್ತು ಎಂದು ಕೇಳಿದ್ದೇನೆ. ಹೊಲಿಗೆಯವರ ಹೆಂಡತಿಗೆ ನಾನು ಇಂದಿಗೂ ಹೇಳಿಲ್ಲ. ಡ್ರೈವರ್ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಆಕೆ ನನ್ನನ್ನು ಕಂಡರೆ ಮೊದಲಿನ ಹಾಗೆಯೇ ಮಾತಾಡಿಸುತ್ತಾರೆ.