ಇಕ್ಕಳಕ್ಕನ ಕೈಗುಣ

ಸಾಕುಪ್ರಾಣಿಗಳ ಆ ಆಸ್ಪತ್ರೆಯಲ್ಲಿ ಅವಳ ಕೆಲಸ ಒಂದೇ: ಹಿಡಿಯುವುದು. ಡಾಕ್ಟರು ಸೂಜಿ ಚುಚ್ಚುವಾಗ, ಗಾಯ ಹೊಲಿಯುವಾಗ, ಉಗುರು ಕತ್ತರಿಸುವಾಗ ನಾಯಿಯೋ ಬೆಕ್ಕೋ ಮಿಸುಕಾಡದ ಹಾಗೆ ಹಿಡಿದುಕೊಳ್ಳಬೇಕು. ಕೇಳುವುದಕ್ಕೆ ಸುಲಭ. ಮೂರು ಕೇಜಿಯ ಬೆಕ್ಕೊಂದು ಮೈಮೇಲೆ ದೆವ್ವ ಬಂದಂತೆ ಹಾರಾಡುವಾಗ ನೀವೊಮ್ಮೆ ಹಿಡಿದು ನೋಡಿ, ಆಮೇಲೆ ಮಾತಾಡೋಣ. ಹತ್ತೊಂಬತ್ತು ವರ್ಷದಲ್ಲಿ ಅವಳ ಕೈಯಿಂದ ಜಾರಿಹೋದ ಪ್ರಾಣಿ ಒಂದೂ ಇಲ್ಲ. ಹಿಂದಿದ್ದ ಡಾಕ್ಟರು ಅವಳಿಗೆ ಇಕ್ಕಳ ಎಂದು ಹೆಸರಿಟ್ಟರು, ಉಳಿದವರ ಬಾಯಲ್ಲಿ ಅದು ಇಕ್ಕಳಕ್ಕ ಆಯಿತು. ಅವಳಿಗೆ ಬೇಜಾರೇನಿಲ್ಲ, ಒಳಗೊಳಗೇ ಹೆಮ್ಮೆ. ಬೆಕ್ಕಿನ ಕತ್ತಿನ ಹಿಂದಿನ ಚರ್ಮವನ್ನು ಮುಷ್ಟಿಯಲ್ಲಿ ಹಿಡಿದು ಸ್ಟೀಲ್ ಮೇಜಿಗೆ ಒತ್ತಿದಳೆಂದರೆ ಮುಗಿಯಿತು. "ನೋಡಿ, ಹೇಗೆ ಸುಮ್ಮನಾಯ್ತು!" ಎಂದು ಪ್ರತಿಸಲವೂ ಹೇಳುತ್ತಿದ್ದಳು.

ಮನೆಯಲ್ಲೂ ಅವಳ ಪಾಲಿಗೆ ಬಂದದ್ದು ಅದೇ ಕೆಲಸ. ಎರಡು ವರ್ಷದ ಹಿಂದೆ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ನಿಂತಿತು. ಗಂಡ ಬಸ್ ಡ್ರೈವರ್, ಬೆಳಗಿನ ಐದಕ್ಕೇ ಮನೆ ಬಿಡುವವನು. ಹಾಗಾಗಿ ಮೂರನೇ ಮಹಡಿಯ ಆ ಎರಡು ಕೋಣೆಗಳಲ್ಲಿ ದಿನಾ ಆರೂವರೆಗೆ ಇವರಿಬ್ಬರೇ: ಹಾಸಿಗೆಯಲ್ಲಿ ಅತ್ತೆ, ಬಿಸಿನೀರಿನ ಬಕೆಟ್ ಹಿಡಿದು ಸೊಸೆ. ಏಳೂವರೆಯ ಒಳಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ, ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಟ್ಟು ಓಡಬೇಕು. ಮೊದಮೊದಲು ಅತ್ತೆ ಬಹಳ ರಂಪ ಮಾಡಿದರು. ಎಡಗೈಯಿಂದ ಪರಚಿದರು, ಟವೆಲ್ ಕಿತ್ತೆಸೆದರು. ಇವಳೇನು ಸಾಮಾನ್ಯಳೇ? ಮಂಡಿಯನ್ನು ಹಾಸಿಗೆಯ ಅಂಚಿಗೆ ಊರಿ, ಆ ಎಡಗೈಯ ಮಣಿಕಟ್ಟನ್ನು ಹಿಡಿದು ಒತ್ತಿಟ್ಟಳು. ಎರಡೇ ತಿಂಗಳಲ್ಲಿ ಅತ್ತೆ ತಣ್ಣಗಾದರು.

ನಾದಿನಿ ಭಾನುವಾರ ಫೋನ್ ಮಾಡಿದಾಗೆಲ್ಲ ಹೊಗಳುವುದೇ ಹೊಗಳುವುದು. "ಅತ್ತಿಗೆ, ನಾನು ಬಂದಾಗ ಅಮ್ಮ ಮೈ ಮುಟ್ಟೋಕೇ ಬಿಡಲ್ಲ. ನಿಮ್ಮ ಕೈಲಿ ಮಾತ್ರ ಮಗು ಥರ ಇರ್ತಾಳೆ. ಎಲ್ಲಾ ನಿಮ್ಮ ಕೈಗುಣ."

ಆ ಮಾತೊಂದೇ ಅವಳಿಗೆ ಸಿಗುತ್ತಿದ್ದ ಸಂಬಳ, ಭತ್ಯೆ, ರಜೆ ಎಲ್ಲವೂ. ಅತ್ತೆಗೆ ತನ್ನ ಕೈ ಹಿತವಾಗಿದೆ ಎಂಬ ಒಂದು ನಂಬಿಕೆಯ ಮೇಲೆ ಅವಳ ಎರಡು ವರ್ಷ ನಿಂತಿತ್ತು.

ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದದ್ದು ಹೋದ ತಿಂಗಳು. ಊಟದ ಹೊತ್ತಿನಲ್ಲೂ ಡಬ್ಬಿಯ ಪಕ್ಕ ಏನಾದರೊಂದು ಸಂಶೋಧನೆಯ ಹಾಳೆ ಹರಡಿಕೊಂಡು ಕೂರುವ ಹುಡುಗಿ. ನಿನ್ನೆ ದರ್ಜಿಯೊಬ್ಬರು ತಮ್ಮ ಬೂದುಬಣ್ಣದ ಬೆಕ್ಕನ್ನು ಲಸಿಕೆಗೆ ತಂದರು. ಇಕ್ಕಳಕ್ಕ ತೋಳೇರಿಸಿ ಮುಂದೆ ಬಂದಳು.

"ಬೇಡ ಅಕ್ಕ, ಹಿಡೀಬೇಡಿ," ಎಂದರು ಡಾಕ್ಟರಮ್ಮ.

"ಹಿಡೀದೆ ಹೇಗೆ ಮೇಡಂ? ನಿಮ್ಮ ಮುಖ ನಿಮಗೆ ಬೇಕೋ ಬೇಡ್ವೋ?"

ಡಾಕ್ಟರಮ್ಮ ನಕ್ಕು ಮೇಜಿನ ಮೇಲೆ ಟವೆಲ್ ಹಾಸಿದರು, ಬುಟ್ಟಿಯ ಬಾಗಿಲು ತೆರೆದು ಕೈ ಚಾಚಿ ಕಾದರು. ಕಾದರು, ಕಾದರು. ಇಕ್ಕಳಕ್ಕನಿಗೆ ಮೈಯೆಲ್ಲ ಉರಿಯಿತು. ಕೊನೆಗೆ ಬೆಕ್ಕು ತಾನೇ ಹೊರಬಂದು ಆ ಕೈ ಮೂಸಿ, ಟವೆಲ್ಲಿನ ಮಡಿಕೆಯಲ್ಲಿ ತಲೆ ತೂರಿಸಿತು. ಸೂಜಿ ಹೋಗಿದ್ದೂ ಗೊತ್ತಾಗಲಿಲ್ಲ.

"ನಾನು ಹಿಡಿದಾಗ್ಲೂ ಸುಮ್ಮನೇ ಇರ್ತಿತ್ತಲ್ಲ ಮೇಡಂ!" ಎಂದಳು, ಅವಮಾನದಿಂದ.

ಡಾಕ್ಟರಮ್ಮ ಅವಳನ್ನು ಒಳಗೆ ಕರೆದು ಕೂರಿಸಿದರು. ಯಾರೋ ಸಂಶೋಧಕರು ಬೆಕ್ಕುಗಳನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಹಗುರವಾಗಿ ಹಿಡಿದು, ಎರಡನ್ನೂ ಹೋಲಿಸಿ ನೋಡಿದ್ದಾರಂತೆ. ಒತ್ತಿ ಹಿಡಿದವುಗಳ ಕಿವಿ ಹಿಂದಕ್ಕೆ ಮಡಚಿತ್ತು, ಕಣ್ಣಿನ ಪಾಪೆ ದೊಡ್ಡದಾಗಿತ್ತು, ಉಸಿರಾಟ ಜೋರಾಗಿತ್ತು. ಆಮೇಲೆ ಆಸ್ಪತ್ರೆಯ ಕ್ಯಾಮೆರಾದಲ್ಲಿದ್ದ ಹೋದ ವಾರದ ವಿಡಿಯೋ ತೋರಿಸಿದರು. ಮೇಜಿನ ಮೇಲೆ ಬೆಕ್ಕು, ಬೆಕ್ಕಿನ ಮೇಲೆ ಅವಳ ಕೈ. ಡಾಕ್ಟರಮ್ಮ ಬೆಕ್ಕಿನ ಮುಖವನ್ನು ದೊಡ್ಡದು ಮಾಡಿದರು. ಕಣ್ಣು ಪೂರ್ತಿ ಕಪ್ಪು.

"ಇದು ಸುಮ್ಮನಾಗಿಲ್ಲ ಅಕ್ಕ. ಬಿಡಿಸ್ಕೊಳ್ಳೋಕೆ ಆಗಲ್ಲ ಅಂತ ಗೊತ್ತಾಗಿ ಹೆದರಿ ಮರಗಟ್ಟಿದೆ. ನಮಗೆಲ್ಲ ಅದು ಸಮಾಧಾನದ ಥರ ಕಾಣುತ್ತೆ. ನಿಮ್ಮ ತಪ್ಪಲ್ಲ, ನಮಗೂ ಕಾಲೇಜಲ್ಲಿ ಹೀಗೇ ಹಿಡೀರಿ ಅಂತಾನೇ ಕಲಿಸಿದ್ರು."

ಅವಳು ಹೂಂ ಅಂದಳು. ಸಂಜೆಯವರೆಗೆ ಉಳಿದ ಕೆಲಸ ಮುಗಿಸಿದಳು. ಬೆಕ್ಕಿನ ವಿಷಯ ಯಾವಾಗಲೋ ಮರೆತಿತ್ತು. ಅವಳಿಗೆ ನೆನಪಾಗುತ್ತಿದ್ದದ್ದು ಬೇರೆಯದೇ ಮುಖ.

ಈ ದಿನ ಬೆಳಿಗ್ಗೆ ಆರೂವರೆಗೆ ಎಂದಿನಂತೆ ಬಕೆಟ್ ತಂದಳು, ಮಂಡಿ ಊರಿದಳು, ಮಣಿಕಟ್ಟು ಹಿಡಿದಳು. ಅತ್ತೆ ಎಂದಿನಂತೆ ಕೊರಡಾದರು. ಎರಡು ವರ್ಷದಲ್ಲಿ ಮೊದಲ ಸಲ ಅವಳು ಕೆಲಸ ನಿಲ್ಲಿಸಿ ಆ ಮುಖವನ್ನು ನೋಡಿದಳು. ಕಣ್ಣು ಛಾವಣಿಯಲ್ಲಿ ನೆಟ್ಟಿತ್ತು. ಉಸಿರು ಓಡಿ ಬಂದವರ ಉಸಿರು.

ಅಯ್ಯೋ ದೇವರೇ, ಅಂದುಕೊಂಡಳು. ಕೈ ತಾನಾಗಿ ಸಡಿಲವಾಯಿತು.

ಹಿಂದೆ ಸರಿದು, ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕುಳಿತು, ಅಂಗೈ ಬಿಚ್ಚಿ ಹೊದಿಕೆಯ ಮೇಲಿಟ್ಟಳು. "ಅತ್ತೆ, ಮೈ ಒರೆಸ್ಲಾ?" ಎಂದು ಕೇಳಿದಳು. ಕೇಳಿದ ಮೇಲೆ ಗೊತ್ತಾಯಿತು, ಈ ಪ್ರಶ್ನೆಯನ್ನು ಎಂದೂ ಕೇಳಿರಲಿಲ್ಲ.

ಗಡಿಯಾರದಲ್ಲಿ ಏಳಾಯಿತು. ಬಕೆಟ್ಟಿನ ಹಬೆ ನಿಂತಿತು. ಅವಳು ಕಾದಳು. ಆ ಕೈ ತನ್ನ ಅಂಗೈಗೆ ಬರಲಿ, ಬಂದೇ ಬರುತ್ತದೆ, ಎಷ್ಟು ಮಾಡಿಲ್ಲ ನಾನು ಇವರಿಗೆ ಎಂದು ಆಸೆಪಟ್ಟಳು.

ಅತ್ತೆಯ ಎಡಗೈ ಅಲುಗಿತು. ಮೆಲ್ಲಗೆ ಮೇಲೆದ್ದಿತು. ಅವಳ ಅಂಗೈಯನ್ನು ದಾಟಿ ಹೋಗಿ ಹೊದಿಕೆಯ ಅಂಚನ್ನು ಹಿಡಿಯಿತು. ಒಂದೊಂದೇ ಗೇಣು ಎಳೆದು ಎಳೆದು, ಗಂಟಲವರೆಗೆ ಮುಚ್ಚಿಕೊಂಡಿತು. ಮುಖ ಗೋಡೆಗೆ ತಿರುಗಿತು.

ಆ ಕೈಯಲ್ಲಿ ಇನ್ನೂ ಇಷ್ಟು ಬಲವಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಆಯ್ತು ಅತ್ತೆ. ಇವತ್ತು ಬೇಡ," ಎಂದಳು. ಬಕೆಟ್ ಎತ್ತಿ ಬಚ್ಚಲಿಗೆ ಸುರಿದು ಬಂದಳು. ಏಳೂಕಾಲು. ಬಟ್ಟೆ ಒದ್ದೆಯಾಗಿದೆ, ಬದಲಿಸದೆ ಬಿಟ್ಟು ಹೋಗುವ ಹಾಗಿಲ್ಲ. ಪಕ್ಕದ ಮನೆಯವರು ಮಧ್ಯಾಹ್ನ ಗಂಜಿ ಕುಡಿಸಿ ಹೋಗುತ್ತಾರೆ ಅಷ್ಟೇ, ಸಂಜೆ ಏಳರವರೆಗೆ ಬಟ್ಟೆ ಬದಲಿಸುವವರು ಬೇರೆ ಯಾರೂ ಇಲ್ಲ. ಅವಳು ಮತ್ತೆ ಸ್ಟೂಲಿನಲ್ಲಿ ಕುಳಿತು, ಮತ್ತೆ ಅಂಗೈ ಬಿಚ್ಚಿಟ್ಟಳು.

ಏಳೂವರೆ ಆಗುವವರೆಗೂ ಅತ್ತೆ ಈ ಕಡೆ ತಿರುಗಲಿಲ್ಲ. ಆಗ ಇಕ್ಕಳಕ್ಕ ಅಳುತ್ತಲೇ ಎದ್ದು, ಮಂಡಿಯನ್ನು ಹಾಸಿಗೆಯ ಅಂಚಿಗೆ ಊರಿದಳು.