ಪಕ್ಕದ ಸೀಟಿನ ಬ್ರೇಕು

ಡ್ರೈವಿಂಗ್ ಶಾಲೆಯ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ. ಆ ಎರಡನೆಯದನ್ನು ಒತ್ತೀ ಒತ್ತೀ ಈ ಶಾಲೆಯ ಮೇಷ್ಟ್ರಿಗೆ ಬ್ರೇಕ್ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಬಲಗಾಲಿನ ಚಪ್ಪಲಿ ಯಾವಾಗಲೂ ಮೊದಲು ಸವೆಯುತ್ತಿತ್ತು. "ಮೇಷ್ಟ್ರೇ, ಒಂದೇ ಕಾಲಲ್ಲಿ ನಡೀತೀರಾ?" ಎಂದು ಚಪ್ಪಲಿ ಹೊಲಿಯುವವನು ಕೇಳಿದಾಗ, "ನಾನು ನಡೆಯೋದಲ್ಲಪ್ಪ, ಊರನ್ನ ನಿಲ್ಲಿಸೋದು" ಎಂದು ಅವರು ಗಂಭೀರವಾಗಿಯೇ ಹೇಳಿದ್ದರು.

ನಾಯಿಗಳು ಅವರ ಬದುಕಿಗೆ ಬಂದದ್ದೂ ಆ ಬ್ರೇಕಿನಿಂದಲೇ. ಔಷಧಿ ಅಂಗಡಿಯ ಹೆಂಗಸೊಬ್ಬರು ಕಲಿಯುತ್ತಿದ್ದಾಗ ರಸ್ತೆ ಮಧ್ಯೆ ಮರಿಯೊಂದು ಕುಂಟುತ್ತಾ ಬಂದು ಕೂತುಬಿಟ್ಟಿತು. ಮೇಷ್ಟ್ರು ಬ್ರೇಕ್ ಒತ್ತಿ, ಇಳಿದು, ಅದನ್ನೆತ್ತಿ ಹಿಂದಿನ ಸೀಟಿಗೆ ಹಾಕಿ, "ಪಾಠ ನಿಲ್ಲಬಾರದು, ಹೊರಡಿ" ಎಂದರು. ಅಲ್ಲಿಯವರೆಗೆ ಕಾರನ್ನು ಕಪ್ಪೆಯ ಹಾಗೆ ಕುಣಿಸುತ್ತಿದ್ದ ಆ ಹೆಂಗಸು, ಮರಿ ಉರುಳೀತೆಂದು ಕ್ಲಚ್ಚನ್ನು ಮಲಗಿದ ಕೂಸಿನ ಹೊದಿಕೆ ಸರಿಸುವಷ್ಟು ಮೆಲ್ಲಗೆ ಬಿಟ್ಟರು. ಪಾಠ ಮುಗಿಯುವ ಹೊತ್ತಿಗೆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಮನೆಗೇ ಹೋದರು.

ಅಂದೇ ಮೇಷ್ಟ್ರಿಗೆ ಜ್ಞಾನೋದಯವಾಯಿತು. ಬಾಯಿ ಸುಳ್ಳು ಹೇಳುತ್ತದೆ, ಕಾಲು ಹೇಳುವುದಿಲ್ಲ! ಅಂದಿನಿಂದ ಚರಂಡಿಯಲ್ಲಿ ಸಿಕ್ಕಿಕೊಂಡದ್ದು, ಕಂಬಕ್ಕೆ ಕಟ್ಟಿ ಬಿಟ್ಟುಹೋದದ್ದು, ಕಾಲು ಮುರಿದದ್ದು, ಯಾವ ನಾಯಿ ಸಿಕ್ಕರೂ ಮದ್ದು ಮಾಡಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿ ಪಾಠ ಮಾಡಿದರು. ಯಾರ ಕ್ಲಚ್ಚು ಮೆತ್ತಗೋ ಅವರಿಗೆ ನಾಯಿ. ಒರಟು ಕಾಲಿನವರಿಗೆ ಲೈಸೆನ್ಸ್ ಬೇಕಾದರೆ ಕೊಡಿಸುತ್ತಿದ್ದರು, ನಾಯಿ ಮಾತ್ರ ಇಲ್ಲ. ಕನ್ನಡಕದ ಅಂಗಡಿಯವನು ಒಮ್ಮೆ, "ಹೆಣ್ಣು ಕೇಳೋಕೆ ಹೋದಾಗ್ಲೂ ನನ್ನನ್ನ ಹಿಂಗೆ ನೋಡಿರ್ಲಿಲ್ಲ ಮೇಷ್ಟ್ರೇ" ಎಂದು ಗೊಣಗಿದ್ದಕ್ಕೆ, "ಅವರು ನೋಡ್ಬೇಕಿತ್ತು" ಎಂದುಬಿಟ್ಟಿದ್ದರು.

ಹೆಸರು ಬೆಳೆಯಿತು. ಆ ಹೆಸರೇ ಅವರನ್ನು ಊರು ಬಿಟ್ಟು ಕದಲದಂತೆ ಕಟ್ಟಿಹಾಕುವ ಬೇಲಿಯೂ ಆಯಿತು. ಫೋನು ಹಗಲೆಲ್ಲ ಬಡಿದುಕೊಳ್ಳುತ್ತಿತ್ತು. ಬೆಳಗ್ಗೆ ಗೇಟು ತೆಗೆದರೆ ರಟ್ಟಿನ ಪೆಟ್ಟಿಗೆಯಲ್ಲಿ ಕುಂಯ್‌ಗುಡುವ ಸದ್ದು. ಮನೆಯ ಹಿಂದಿನ ಕೋಣೆ ಮರಿಗಳದ್ದು, ಸ್ನಾನದ ಮನೆ ಗಾಯಾಳುಗಳದ್ದು. ಹೆಂಡತಿ ಪರದೆ ಹೊಲಿಯುವ ಕೆಲಸದವಳು. ಮಿಷನ್ನಿನ ಕೆಳಗೆ ಯಾವುದೋ ಒಂದು ಬಾಲ ಸದಾ ಇರುತ್ತಿದ್ದುದರಿಂದ ಪೆಡಲ್ ತುಳಿಯುವ ಮುಂಚೆ ಬಗ್ಗಿ ನೋಡುವುದು ಅವಳಿಗೆ ಉಸಿರಾಟದಷ್ಟೇ ರೂಢಿಯಾಗಿತ್ತು.

ಅವಳಿಗೆ ಒಬ್ಬಳು ಅಕ್ಕ, ಬಸ್ಸಿನಲ್ಲಿ ಅರ್ಧ ದಿನದ ದಾರಿ. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು. ಈಗ ಅವಳ ಕಣ್ಣು ಮಂಜಾಗುತ್ತಿತ್ತು. ವೈದ್ಯರು ಕೈಚೆಲ್ಲಿದ್ದರು. "ಪೂರ್ತಿ ಕತ್ತಲೆ ಆಗೋ ಮುಂಚೆ ನಿಮ್ಮಿಬ್ಬರ ಮುಖ ಒಂದ್ಸಲ ತೋರಿಸಿ ಹೋಗ್ರೇ" ಎಂದು ಫೋನಿನಲ್ಲಿ ನಗುತ್ತಲೇ ಹೇಳುತ್ತಿದ್ದಳು.

"ಹೋಗೋಣ" ಎನ್ನುತ್ತಿದ್ದರು ಮೇಷ್ಟ್ರು. "ಸಾಹೇಬನಿಗೊಂದು ಮನೆ ಆಗ್ಲಿ, ಮಾರನೇ ದಿನವೇ."

ಸಾಹೇಬ ಎಂದರೆ ಒಂದು ಕಿವಿ ಮಡಿಚಿದ ಕಂದು ನಾಯಿ. ಕಾರಿನ ಹಿಂದಿನ ಸೀಟಿನಲ್ಲಿ ತಪಾಸಣೆಗೆ ಹೊರಟ ಮೇಲಧಿಕಾರಿಯ ಹಾಗೆ ಕೂರುತ್ತಿತ್ತು. ಬೇರೆ ನಾಯಿಗಳೆಲ್ಲ ಒಂದೊಂದಾಗಿ ಮನೆ ಸೇರಿದವು. ಹೊಸದನ್ನು ತರಬಾರದೆಂದು ಹೆಂಡತಿ ಗೇಟಿಗೆ ಬೀಗ ಹಾಕಿದಳು. ಉಳಿದದ್ದು ಸಾಹೇಬ ಒಬ್ಬನೇ. ಆದರೆ ಅವನ ವಿಷಯದಲ್ಲಿ ಮೇಷ್ಟ್ರಿಗೆ ಯಾವ ಕಾಲೂ ಹಿಡಿಸಲಿಲ್ಲ. ಒಬ್ಬರದು ಒರಟು, ಒಬ್ಬರದು ಅವಸರ, ಒಬ್ಬರ ಕ್ಲಚ್ಚು ಮೆತ್ತಗಿದ್ದರೂ "ಹಾರ್ನ್ ಹೊಡೆಯೋ ಕೈಯಲ್ಲಿ ಸಿಟ್ಟಿದೆ." ಹೀಗೆ ಆರಿಸುತ್ತಾ ಆರಿಸುತ್ತಾ ವರ್ಷ ಕಳೆಯಿತು. ಕೊನೆಗೆ ಬೇಕರಿಯವನನ್ನು ಒಪ್ಪಿ ಕೊಟ್ಟರೆ, ಅವನು ವಾರದೊಳಗೆ ವಾಪಸ್ ತಂದ.

"ಮೇಷ್ಟ್ರೇ, ನಾಯಿ ಚಿನ್ನದಂಥದ್ದು. ಆದ್ರೆ ಮನೆ ಒಳಗೆ ಬರಲ್ಲ ಅನ್ನುತ್ತೆ. ಅಂಗಡಿ ಮುಂದೆ ಯಾವ ಕಾರು ನಿಂತ್ರೂ ಬಾಗಿಲು ತೆಗೆದ ತಕ್ಷಣ ಹತ್ತಿ ಕೂತ್ಕೊಳ್ಳುತ್ತೆ. ನಿನ್ನೆ ಗಿರಾಕಿಯೊಬ್ಬರು ಮನೆ ತಲುಪಿದ ಮೇಲೆ ಹಿಂದೆ ತಿರುಗಿ ನೋಡಿ ಕಿರುಚಿಕೊಂಡ್ರಂತೆ!"

ಆಮೇಲೆ ಇನ್ನೊಂದು ಮನೆ; ಅಲ್ಲೂ ಅದೇ ಕಥೆ. ವರ್ಷವಿಡೀ ಕಾರಿನಲ್ಲೇ ಇಟ್ಟುಕೊಂಡು, ಮನೆ ಎಂದರೆ ಕಾರು ಎಂದು ಮೇಷ್ಟ್ರೇ ಕಲಿಸಿಬಿಟ್ಟಿದ್ದರು.

"ಬಸ್ಸಿಗೆ ನಾಯಿ ಹತ್ತಿಸಲ್ಲ. ಯಾರ ಹತ್ರ ಬಿಟ್ಟು ಹೋಗೋಕೂ ನಂಬಿಕೆ ಇಲ್ಲ" ಎಂದರು ಮೇಷ್ಟ್ರು ಕೈ ಹಿಸುಕಿಕೊಳ್ಳುತ್ತಾ.

"ಕಾರಲ್ಲೇ ಹೋಗೋಣ. ಅದನ್ನೂ ಕರ್ಕೊಂಡು. ಯಾರು ಬೇಡ ಅಂದ್ರು?" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತಾ.

ಮೇಷ್ಟ್ರು ಕೆಮ್ಮಿದರು. ಟೈರು ಸವೆದಿದೆ ಎಂದರು. ಪಾಠ ತಪ್ಪುತ್ತದೆ ಎಂದರು. ನಿಜ ಬೇರೆಯೇ ಇತ್ತು. ಮೊದಲ ಶಿಷ್ಯ ಬೆಳಗ್ಗೆ ಮನೆಗೇ ಬಂದು ಕಾರು ತೆಗೆಯುತ್ತಿದ್ದ, ಸಂಜೆಯ ಕೊನೆಯ ಶಿಷ್ಯ ತಂದು ನಿಲ್ಲಿಸುತ್ತಿದ್ದ. ಊರಿಗೆಲ್ಲ ಕಾರು ಕಲಿಸಿದ ಈ ಮಹಾನುಭಾವರು ಸ್ಟೀರಿಂಗ್ ಹಿಡಿದು ಎಷ್ಟೋ ವರ್ಷವಾಗಿತ್ತು. ಒಮ್ಮೆ ಗುಟ್ಟಾಗಿ, ಷೆಡ್ಡಿನಲ್ಲೇ, ಆ ಸೀಟಿನಲ್ಲಿ ಕೂತು ನೋಡಿದ್ದರು. ಪಕ್ಕದಲ್ಲಿ ಬ್ರೇಕ್ ಒತ್ತುವವರು ಯಾರೂ ಇಲ್ಲ ಎಂಬುದು ನೆನಪಾಗಿ, ಇಂಜಿನ್ ಶುರುಮಾಡದೆಯೇ ಇಳಿದಿದ್ದರು. ಹಿಂದಿನ ಸೀಟಿನಿಂದ ಸಾಹೇಬ ಎಲ್ಲವನ್ನೂ ನೋಡಿತ್ತು. ಪುಣ್ಯಕ್ಕೆ ಅದಕ್ಕೆ ಮಾತು ಬರುತ್ತಿರಲಿಲ್ಲ.

ಹಾಗಾಗಿ ಅವರ ಪ್ರಪಂಚ ಎಂದರೆ ಮನೆಯ ಗೇಟು, ಮಾರ್ಕೆಟ್ಟಿನ ಹಿಂದಿನ ರಸ್ತೆ, ಆಸ್ಪತ್ರೆಯ ತಿರುವು, ಊರಾಚೆಯ ನೀರಿನ ಟ್ಯಾಂಕು. ಟ್ಯಾಂಕನ್ನು ಸುತ್ತಿ ವಾಪಸ್. ಗಾಣದೆತ್ತು ಕೂಡ ಎಂದಾದರೂ ರಜೆ ತೆಗೆದುಕೊಂಡೀತು. ಟ್ಯಾಂಕು ಹತ್ತಿರ ಬಂದರೆ ಸಾಹೇಬ ತಾನಾಗಿಯೇ ಎದ್ದು ನಿಂತು ತಿರುವಿಗೆ ಮೈ ವಾಲಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಅಕ್ಕನ ಫೋನು ಬಂತು. ಮಾತು ಬೇಗ ಮುಗಿಯಿತು. ಹೆಂಡತಿ ಫೋನಿಟ್ಟು, ಸೀರೆ ಬದಲಾಯಿಸಿ, ಚೀಲ ಹೆಗಲಿಗೇರಿಸಿ ಬಂದಳು.

"ಏನಂತೆ?"

"ಪಕ್ಕದ ಮನೆಯವಳನ್ನ ನಾನು ಅಂದ್ಕೊಂಡು ಬೈದಳಂತೆ. ಇಷ್ಟು ದಿನ ಯಾಕೇ ಬರ್ಲಿಲ್ಲ ಅಂತ." ಅವಳು ಕೈ ಚಾಚಿದಳು. "ಕೀಲಿ ಕೊಡಿ."

"ಯಾವ ಕೀಲಿ?"

"ಕಾರಿಂದು. ನೀವು ಕೂರೋದಾದ್ರೆ ನಿಮ್ಮ ಸೀಟಲ್ಲಿ ಕೂತ್ಕೊಳ್ಳಿ."

"ನಿಂಗೆಲ್ಲಿ ಬರುತ್ತೆ ಮಾರಾಯ್ತಿ?"

"ಎದುರು ಬೀದಿ ಶಾಲೇಲಿ ಕಲ್ತೆ. ಲೈಸೆನ್ಸೂ ಬಂತು."

ಮೇಷ್ಟ್ರಿಗೆ ಹೆಂಡತಿ ಕಾರು ಕಲಿತದ್ದಕ್ಕಿಂತ ಎದುರು ಬೀದಿಯ ಶಾಲೆ ಹೆಚ್ಚು ನೋವು ಕೊಟ್ಟಿತು. "ಆ ತಗಡು ಡಬ್ಬಿಯವನ ಹತ್ರ! ನನ್ನನ್ನ ಕೇಳಬಾರದಿತ್ತಾ?"

"ಕೇಳಿದ್ದೆ. ನಿಮ್ಮ ಕೈಲಿ ಆಗ ಒಂದು ಮರಿ ಇತ್ತು."

ಮೇಷ್ಟ್ರು ಕೀಲಿ ತೆಗೆದು ಅವಳ ಕೈಗಿಟ್ಟರು. ಷೆಡ್ಡಿನ ಬಾಗಿಲು ತೆಗೆದಾಗ ಸಾಹೇಬ ಆಗಲೇ ತನ್ನ ಜಾಗದಲ್ಲಿ ಆಸೀನನಾಗಿದ್ದ.

ಕಾರು ಗೇಟು ದಾಟಿತು. ಮೇಷ್ಟ್ರು ತಪ್ಪು ಹುಡುಕಲು ಕಣ್ಣು ಅವಳ ಪಾದಕ್ಕೆ ನೆಟ್ಟರು. ಎಷ್ಟೋ ಬಾಲಗಳನ್ನು ನೋಡಿಕೊಂಡು ಮಿಷನ್ ತುಳಿದ ಪಾದ. ಕ್ಲಚ್ಚು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೇಲೆ ಬಂತು. ಮಾರ್ಕೆಟ್ಟಿನ ರಸ್ತೆಯ ಗುಂಡಿಗಳಲ್ಲೂ ಹಿಂದಿದ್ದ ಸಾಹೇಬನ ಕಿವಿ ಅಲುಗಲಿಲ್ಲ. ಊರೆಲ್ಲ ಸುತ್ತಿಸಿ ಹುಡುಕಿದ ಕಾಲು ಮನೆಯೊಳಗೇ ಇತ್ತಲ್ಲ ಎಂದುಕೊಂಡರು. ಬಾಯಿಬಿಟ್ಟು ಹೇಳುವಷ್ಟು ದೊಡ್ಡತನ ಮಾತ್ರ ಆ ಕ್ಷಣಕ್ಕೆ ಒದಗಲಿಲ್ಲ.

"ಸಾಹೇಬನ್ನ ನಾನೇ ಇಟ್ಕೋತೀನಿ" ಎಂದಳು ಅವಳು, ರಸ್ತೆ ನೋಡುತ್ತಲೇ. "ಪಾಸಾ, ಫೇಲಾ?"

"...ಸದ್ಯಕ್ಕೆ ಪಾಸು."

ನೀರಿನ ಟ್ಯಾಂಕು ಬಂತು. ಸಾಹೇಬ ಎದ್ದು ನಿಂತು ಮೈ ವಾಲಿಸಿತು. ಕಾರು ತಿರುಗಲಿಲ್ಲ. ಮುಂದೆ ನೇರ ರಸ್ತೆ, ಎರಡೂ ಕಡೆ ಬಯಲು, ಎದುರಿನಿಂದ ಲಾರಿಗಳು. ಮೇಷ್ಟ್ರ ಬಲಗಾಲು ಯಾರನ್ನೂ ಕೇಳದೆ ಬ್ರೇಕಿನ ಮೇಲೆ ಬಿತ್ತು. ಕಾರು ಕಿರ್ರೆಂದು ನಿಂತು ಇಂಜಿನ್ ಆರಿತು. ಸಾಹೇಬ ಮುಗ್ಗರಿಸಿ ಕೆಳಗೆ ಬಿದ್ದು, ಮೇಲೆ ಹತ್ತಿ, ಮೇಷ್ಟ್ರನ್ನು ನೋಡಿತು. ಇಷ್ಟು ವರ್ಷ ಅದೆಷ್ಟು ಜನರನ್ನು ಇದೇ ತಪ್ಪಿಗೆ ಫೇಲು ಮಾಡಿದ್ದರೋ!

ಹಿಂದಿನ ವಾಹನಗಳು ಹಾರ್ನ್ ಬಾರಿಸತೊಡಗಿದವು. ಹೆಂಡತಿ ಇಂಜಿನ್ ಶುರುಮಾಡಿದಳು, ಕೂಗಾಡಲಿಲ್ಲ.

"ರೀ, ಕಾಲು ತೆಗೀರಿ."

"ತೆಗೀತೀನಿ."

"ತೆಗೀರಿ ಮತ್ತೆ."

"ಬರ್ತಾ ಇಲ್ಲ ಕಣೇ."

ಅವಳು ಕಾದಳು. ಲಾರಿಯೊಂದು ಬೈಯುತ್ತಾ ದಾಟಿಹೋಯಿತು. ಮೇಷ್ಟ್ರು ಕೊನೆಗೆ ಎರಡೂ ಕೈಯಿಂದ ತಮ್ಮ ಮೊಣಕಾಲನ್ನು ಹಿಡಿದು, ಚರಂಡಿಯಿಂದ ನಾಯಿಯನ್ನು ಎತ್ತುವ ಹಾಗೆ ಎತ್ತಿ, ಸೀಟಿನ ಮೇಲೆ ಮಡಿಚಿಟ್ಟರು. ಎಡಗಾಲನ್ನೂ ನಂಬಲಾಗದೆ ಅದನ್ನೂ ಮಡಿಚಿದರು. ಬೆಲ್ಟು ಹೊಟ್ಟೆ ಬಿಗಿಯುತ್ತಿತ್ತು, ಮಂಡಿ ಬಾಗಿಲಿಗೆ ಒತ್ತುತ್ತಿತ್ತು. ಅಲುಗಾಡಲು ಜಾಗವಿಲ್ಲದೆ ಪದ್ಮಾಸನ ಹಾಕಿದ ಯೋಗಿಯಂತೆ ಕೂತರು.

ಕಾರು ಹೊರಟಿತು. ಟ್ಯಾಂಕು ಕನ್ನಡಿಯಲ್ಲಿ ಚಿಕ್ಕದಾಗುತ್ತಾ ಹೋಯಿತು. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಡಿಚಿದ ಕಾಲಿನಡಿ ಸಿಕ್ಕಿಕೊಂಡ ಅದನ್ನು ತೆಗೆಯಲು ಆಗಲಿಲ್ಲ. ತಿರುವು ಬಂದೇ ಬರುತ್ತದೆಂದು ಸಾಹೇಬ ಇನ್ನೂ ವಾಲಿಕೊಂಡೇ ನಿಂತಿತ್ತು.

"ಅಕ್ಕನ ಮನೆ ಬಾಗಿಲಲ್ಲಾದ್ರೂ ಇಳೀತೀರಲ್ವಾ, ಇಬ್ರೂ?" ಎಂದಳು ಹೆಂಡತಿ.