ಬಟ್ಟಲು ತೊಳೆದು ಕುಡಿದ ಸಾವಕಾರರು

ಎಪ್ಪತ್ತರ ದಶಕದ ಮಾತು. ಮುದ್ದೇಬಿಹಾಳದವನಾದ ನಾನು ಮುಂಬಯಿಯ ಹತ್ತಿ ದಲಾಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಬಾಗೇವಾಡಿಯ ವ್ಯಾಪಾರಿ ಮಲ್ಲಪ್ಪ ಸಾವಕಾರರು ಬಂದಾಗ, ದೊಡ್ಡ ಗಿರಾಕಿ, ಒಳ್ಳೇ ಕಡೆ ಊಟ ಮಾಡಿಸು ಎಂದು ನಮ್ಮ ಶೇಠ್ ಹೇಳಿದರು. ದುಬಾರಿ ಚೀನೀ ಹೋಟೆಲಿಗೇ ಕರೆದುಕೊಂಡು ಹೋದೆ.

ತಲೆಗೆ ರುಮಾಲು, ಹಣೆ ತುಂಬ ವಿಭೂತಿ. ಸಾವಕಾರರು ಬಟ್ಟಲಿನ ಅನ್ನ, ಕಾಯಿಪಲ್ಲೆ ಒಂದಗುಳೂ ಬಿಡದೆ ಉಂಡರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಗ್ಲಾಸಿನ ನೀರನ್ನು ಬಟ್ಟಲಿಗೆ ಸುರಿದು ಬೆರಳಿನಿಂದ ತೊಳೆಯತೊಡಗಿದರು. ಉಂಡದ್ದನ್ನು ಹೀಗೆ ತೊಳೆದು ಆ ನೀರು ಕುಡಿಯುವುದು ನಮ್ಮ ಕಡೆ ಲಿಂಗವಂತ ಹಿರಿಯರು ದಿನಾ ಮಾಡುವುದೇ. ಆದರೆ ಪಕ್ಕದ ಟೇಬಲ್ಲಿನ ಸೂಟಿನವರು ತಿನ್ನುವುದು ಬಿಟ್ಟು ನೋಡುತ್ತಿದ್ದರು.

"ಸಾವಕಾರ್ರ, ಇಲ್ಲಿ ಹಂಗ ಮಾಡೂದಿಲ್ರಿ," ಎಂದು ಪಿಸುಗುಟ್ಟಿದೆ.

"ಯಾಕ, ಇಲ್ಲಿ ಪ್ರಸಾದ ಚೆಲ್ತಾರೇನು?" ಎನ್ನುತ್ತ ಗಟಗಟ ಕುಡಿದೇಬಿಟ್ಟರು.

ಗಲ್ಲಾದಲ್ಲಿದ್ದ ಮುದುಕ ಚೀನೀ ಮಾಲೀಕ ಎದ್ದು ಬಂದ. ಗಿರಾಕಿಯ ಮರ್ಯಾದೆಯ ಜೊತೆ ನನ್ನ ನೌಕರಿಯೂ ಹೋಯಿತು ಅಂದುಕೊಂಡೆ. ಆತ ಸಾವಕಾರರಿಗೆ ತಲೆಬಾಗಿ, ತನ್ನ ಅಪ್ಪನೂ ಉಂಡ ಬಟ್ಟಲಿಗೆ ಚಹಾ ಸುರಿದುಕೊಂಡು ಕೊನೆಯ ಅಗುಳಿನ ಸಮೇತ ಕುಡಿಯುತ್ತಿದ್ದ ಎಂದು ಮುಂಬಯಿ ಹಿಂದಿಯಲ್ಲಿ ಹೇಳಿದ. ನಾನು ಅದನ್ನು ಕನ್ನಡದಲ್ಲಿ ತಿಳಿಸಿದೆ.

ಸಾವಕಾರರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇವರು ಯಾವ ಮಠದವ್ರು, ಕೇಳು ತಮ್ಮಾ," ಎಂದರು.

ಅದನ್ನು ಹಿಂದಿಯಲ್ಲಿ ಹೇಗೆ ಕೇಳುವುದೆಂದು ಯೋಚಿಸುವ ನೆಪದಲ್ಲಿ ನಾನು ತಲೆ ತಗ್ಗಿಸಿ, ನನ್ನ ಬಟ್ಟಲಲ್ಲಿ ಬಿಟ್ಟಿದ್ದ ಅನ್ನವನ್ನು ಉಣ್ಣತೊಡಗಿದೆ.